ಸೆಂಟ್ರಲ್ ಲಾಕ್‌ಗೆ ಹೊಸ ಅಲಾರಂ: ಯಾವ ವೈರ್ ಎಲ್ಲಿಗೆ, ಯಾಕೆ

ಕಾರಿನ ಕೆಳಗಿನ ವೇರಿಯಂಟ್ ಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಡ್ರೈವರ್ ಬಾಗಿಲಿನಲ್ಲಿ ಕೀ ತಿರುಗಿಸಿದರೆ ನಾಲ್ಕೂ ಬಾಗಿಲು ಲಾಕ್ ಆಗುತ್ತವೆ. ಆದರೆ ರಿಮೋಟ್ ಇಲ್ಲ, ಸೈರನ್ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ, ಇಲ್ಲವೇ ನಿಮ್ಮೂರಿನ ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದರೆ, ಅಲಾರಂ ಕಿಟ್ ಸಿಗುತ್ತದೆ. ಡಬ್ಬಿ ತೆರೆದರೆ ಒಂದು ಕಪ್ಪು ಯೂನಿಟ್, ಎರಡು ರಿಮೋಟ್, ಸೈರನ್, ಶಾಕ್ ಸೆನ್ಸರ್, ಚಿಕ್ಕ ಎಲ್‌ಇಡಿ, ಜೊತೆಗೆ ಬಣ್ಣಬಣ್ಣದ ವೈರ್‌ಗಳ ದೊಡ್ಡ ಗೊಂಚಲು. ತಳದಲ್ಲಿ ಸಣ್ಣ ಅಕ್ಷರದ ಒಂದು ಹಾಳೆ. ಅದರಲ್ಲಿ ಲಾಕ್ ವೈರಿಂಗ್‌ಗೆ ಮೂರ್ನಾಲ್ಕು ಚಿತ್ರ ಇರುತ್ತವೆ. ನಿಮ್ಮ ಕಾರಿಗೆ ಅವುಗಳಲ್ಲಿ ಯಾವುದು ಅನ್ನುವುದು ಮಾತ್ರ ಇರುವುದಿಲ್ಲ.

ಇಡೀ ಕೆಲಸದ ಕಷ್ಟ ಅಷ್ಟೇ. ಸೈರನ್, ಎಲ್‌ಇಡಿ, ಸೆನ್ಸರ್ ಎಲ್ಲ ಯಾರಾದರೂ ಜೋಡಿಸಬಹುದು. ಲಾಕ್‌ನ ವೈರ್‌ಗಳಲ್ಲಿ ಚಿತ್ರ ತಪ್ಪಿದರೆ ಫ್ಯೂಸ್ ಹೋದರೆ ಪುಣ್ಯ. ಇಲ್ಲದಿದ್ದರೆ ಕಂಪನಿಯ ಕಂಟ್ರೋಲ್ ಯೂನಿಟ್ಟೇ ಸುಟ್ಟು ಹೋಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಜಾಸ್ತಿ ಹೊತ್ತು ಲಾಕ್‌ನ ಬಳಿಯೇ ನಿಲ್ಲುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸೆಂಟ್ರಲ್ ಲಾಕ್ ಇರುವ ಹೆಚ್ಚಿನ ಕಾರುಗಳಲ್ಲಿ ಬಾಗಿಲಿನ ಮೋಟರ್‌ಗಳನ್ನು ಓಡಿಸುವುದು ಅಲಾರಂನ ಕೆಲಸ ಅಲ್ಲ. ಆ ಕೆಲಸಕ್ಕೆ ಕಾರಿನಲ್ಲಿ ಆಗಲೇ ಒಂದು ಯೂನಿಟ್ ಇದೆ. ಅಲಾರಂ ಮಾಡಬೇಕಾದದ್ದು ಇಷ್ಟೇ: ನೀವು ಲಾಕ್ ಬಟನ್ ಒತ್ತಿದಾಗ ವೈರಿನಲ್ಲಿ ಏನು ಬದಲಾಗುತ್ತದೋ ಅದನ್ನೇ ಅರ್ಧ ಸೆಕೆಂಡು ಮಾಡಿ ತೋರಿಸುವುದು. ಅಂದರೆ ಆ ಬಟನ್ ಮೇಲೆ ಇನ್ನೊಂದು ಬೆರಳು ಇಟ್ಟ ಹಾಗೆ. ಬಟನ್ ಒತ್ತಿದಾಗ ಏನಾಗುತ್ತದೆ ಅಂತ ಅಳೆದು ತಿಳಿದರೆ ಯಾವ ಚಿತ್ರ ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಬಾಗಿಲಿನ ಒಳಗೆ

ಡೋರ್ ಪ್ಯಾಡ್ ಬಿಚ್ಚಿದರೆ ಲಾಕ್‌ನ ಹತ್ತಿರ ಒಂದು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದು ಆಕ್ಚುಯೇಟರ್. ಒಳಗೆ ಚಿಕ್ಕ ಡಿಸಿ ಮೋಟರ್, ಒಂದೆರಡು ಗೇರ್, ಲಾಕ್‌ನ ಕಡ್ಡಿಯನ್ನು ಎಳೆಯುವ ಒಂದು ತುದಿ. ಮೋಟರ್‌ಗೆ ಎರಡೇ ವೈರ್. ಒಂದಕ್ಕೆ 12 ವೋಲ್ಟ್, ಇನ್ನೊಂದಕ್ಕೆ ಅರ್ತ್ (ಬ್ಯಾಟರಿಯ ನೆಗೆಟಿವ್‌ಗೆ ಕೂಡಿದ ಕಾರಿನ ಬಾಡಿ) ಕೊಟ್ಟರೆ ಲಾಕ್. ಅದಲು ಬದಲು ಮಾಡಿದರೆ ಅನ್‌ಲಾಕ್. ಮೋಟರ್ ತನ್ನ ತುದಿ ಮುಟ್ಟಿದ ಮೇಲೂ ಕರೆಂಟ್ ಹೋಗುತ್ತಲೇ ಇದ್ದರೆ ಬಿಸಿಯಾಗಿ ಸುಡುತ್ತದೆ. ಅದಕ್ಕೇ ಅರ್ಧ ಸೆಕೆಂಡಿನಿಂದ ಮುಕ್ಕಾಲು ಸೆಕೆಂಡಿನ ಪಲ್ಸ್ ಸಾಕು.

ಡ್ರೈವರ್ ಬಾಗಿಲಿನದು ಬೇರೆ ಥರ. ಅಲ್ಲಿ ಮೋಟರ್ ಜೊತೆ ಒಂದು ಸ್ವಿಚ್ ಕೂಡ ಇರುತ್ತದೆ. ನೀವು ಕೀ ತಿರುಗಿಸಿದಾಗ ಅಥವಾ ಗುಬುಟು ಒತ್ತಿದಾಗ ಆ ಸ್ವಿಚ್ ಬದಲಾಗುತ್ತದೆ. ಕಂಟ್ರೋಲ್ ಯೂನಿಟ್ ಅದನ್ನು ನೋಡಿ ಉಳಿದ ಬಾಗಿಲುಗಳಿಗೆ ಪಲ್ಸ್ ಕಳಿಸುತ್ತದೆ. ಹಾಗಾಗಿ ಅಲ್ಲಿ ಐದು ವೈರ್: ಎರಡು ಮೋಟರ್‌ಗೆ, ಮೂರು ಸ್ವಿಚ್‌ಗೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಐದು ವೈರಿನ ಆಕ್ಚುಯೇಟರ್‌ನಲ್ಲಿ ನೀಲಿ, ಹಸಿರು ಮೋಟರ್‌ನವು. ಬಿಳಿ, ಕಂದು, ಕಪ್ಪು ಸ್ವಿಚ್‌ನವು. ಇದು ಅಂಗಡಿಯ ಆಕ್ಚುಯೇಟರ್‌ಗೆ ಮಾತ್ರ ಸರಿ. ಕಾರಿನ ಕಂಪನಿ ಹಾಕಿದ ವೈರಿಂಗ್‌ನಲ್ಲಿ ಬಣ್ಣ ಏನು ಬೇಕಾದರೂ ಇರಬಹುದು. ಬಣ್ಣ ನೋಡಿ ವೈರ್ ಜೋಡಿಸುವವರಿಂದ ದೂರ ಇರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದೇ ಕಾರು, ಅದೇ ಮಾಡೆಲ್, ವರ್ಷ ಬದಲಾದರೆ ಬಣ್ಣವೂ ಬದಲಾಗಿರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಷ್ಟೋ ಹಳೆಯ ಕಾರುಗಳಲ್ಲಿ, ಕೆಳಗಿನ ವೇರಿಯಂಟ್‌ಗಳಲ್ಲಿ, ಡ್ರೈವರ್ ಬಾಗಿಲಿನಲ್ಲಿ ಮೋಟರ್ ಇರುವುದೇ ಇಲ್ಲ. ಬರೀ ಸ್ವಿಚ್. ಡ್ರೈವರ್ ಕೀಯಿಂದಲೇ ಲಾಕ್ ಮಾಡುತ್ತಾನೆ ಅಲ್ವಾ, ಮೋಟರ್ ಯಾಕೆ ಅಂತ ಕಂಪನಿಯ ಲೆಕ್ಕ. ಅಂಥ ಕಾರಿಗೆ ಅಲಾರಂ ಹಾಕಿದರೆ ರಿಮೋಟ್ ಒತ್ತಿದಾಗ ಮೂರು ಬಾಗಿಲು ಲಾಕ್ ಆಗುತ್ತವೆ, ಡ್ರೈವರ್ ಬಾಗಿಲು ತೆರೆದೇ ಇರುತ್ತದೆ. ಕೆಲವು ಕಾರುಗಳಲ್ಲಿ ಇನ್ನೂ ವಿಚಿತ್ರ ಆಗುತ್ತದೆ: ಮೂರು ಬಾಗಿಲು ಲಾಕ್ ಆಗಿ ತಕ್ಷಣ ಮತ್ತೆ ಅನ್‌ಲಾಕ್ ಆಗುತ್ತವೆ. ಡ್ರೈವರ್ ಬಾಗಿಲಿನ ಸ್ವಿಚ್ ಇನ್ನೂ ಅನ್‌ಲಾಕ್ ಕಡೆಯೇ ಇದೆಯಲ್ಲ, ಕಂಟ್ರೋಲ್ ಯೂನಿಟ್ ಅದರ ಮಾತು ಕೇಳುತ್ತದೆ. ಅಲಾರಂ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯುವವರು ಇದ್ದಾರೆ. ಅಲಾರಂನಲ್ಲಿ ಏನೂ ತಪ್ಪಿರುವುದಿಲ್ಲ. ಡ್ರೈವರ್ ಬಾಗಿಲಿಗೆ ಎರಡು ವೈರಿನ ಒಂದು ಆಕ್ಚುಯೇಟರ್ ಸೇರಿಸಿ, ಉಳಿದ ಬಾಗಿಲುಗಳ ಮೋಟರ್ ವೈರ್‌ಗಳ ಜೊತೆ ಅದನ್ನು ಕೂಡಿಸಿದರೆ ಎರಡೂ ತೊಂದರೆ ಹೋಗುತ್ತವೆ. ಮೋಟರ್ ಇದ್ದೂ ಇದೇ ಲಕ್ಷಣ ಕಂಡರೆ, ಆ ಮೋಟರ್ ಸವೆದಿದೆ ಅಥವಾ ಕಡ್ಡಿ ಒಣಗಿ ಬಿಗಿಯಾಗಿದೆ, ಪೂರ್ತಿ ತುದಿಗೆ ಹೋಗುತ್ತಿಲ್ಲ ಅಂತ ತಿಳಿಯಬೇಕು. ಆದ್ದರಿಂದ ಪ್ಯಾಡ್ ಬಿಚ್ಚಿದಾಗ ಲಾಕ್‌ಗೆ ಸ್ವಲ್ಪ ಗ್ರೀಸ್ ಹಾಕಿಬಿಡಿ.

ಅಲಾರಂನ ಆರು ವೈರ್

ಹೆಚ್ಚಿನ ಕಿಟ್‌ಗಳಲ್ಲಿ ಲಾಕ್‌ಗೆ ಅಂತ ಆರು ವೈರ್ ಬರುತ್ತವೆ. ನೋಡಿದರೆ ತಲೆ ತಿರುಗುತ್ತದೆ. ಆದರೆ ಅದು ಎರಡು ರಿಲೇಗಳ, ಅಂದರೆ ಕರೆಂಟ್‌ನಿಂದ ನಡೆಯುವ ಸ್ವಿಚ್‌ಗಳ, ಮೂರು ಮೂರು ವೈರ್, ಅಷ್ಟೇ. ಒಂದು ರಿಲೇ ಲಾಕ್‌ಗೆ, ಇನ್ನೊಂದು ಅನ್‌ಲಾಕ್‌ಗೆ.

ರಿಲೇಯ ಕಾಲುಗಳಿಗೆ ಜರ್ಮನಿಯ ಡಿಐಎನ್ ಮಾನದಂಡದ ನಂಬರ್‌ಗಳಿವೆ. ನಮ್ಮ ಆಟೋ ಎಲೆಕ್ಟ್ರಿಶಿಯನ್‌ಗಳೂ ಅವನ್ನೇ ಹೇಳುತ್ತಾರೆ. 85 ಮತ್ತು 86 ಒಳಗಿನ ಕಾಯಿಲ್‌ನವು. ಅಲಾರಂನ ಒಳಗೇ ಇರುವ ರಿಲೇಯಲ್ಲಿ ಇವು ನಮಗೆ ಕಾಣುವುದಿಲ್ಲ. ನಮಗೆ ಬೇಕಾದದ್ದು ಮೂರು: 30, 87, 87ಎ. ರಿಲೇ ಸುಮ್ಮನಿದ್ದಾಗ 30 ಮತ್ತು 87ಎ ಕೂಡಿರುತ್ತವೆ. ರಿಮೋಟ್ ಒತ್ತಿದಾಗ 30 ಅಲ್ಲಿಂದ ಬಿಟ್ಟು 87ಕ್ಕೆ ಕೂಡುತ್ತದೆ. ಅರ್ಧ ಸೆಕೆಂಡ್ ಆದ ಮೇಲೆ ಮತ್ತೆ 87ಎಗೆ. ಕಿಟ್‌ನ ಹಾಳೆಯಲ್ಲಿ ಈ ನಂಬರ್ ಇಲ್ಲದೆ ಬರೀ ಬಣ್ಣ ಕೊಟ್ಟಿದ್ದರೂ ಪರವಾಗಿಲ್ಲ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಎರಡು ತುದಿ ಕೂಡಿದ್ದರೆ ಬೀಪ್ ಅನ್ನುವ ಸ್ಥಾನಕ್ಕೆ) ಇಟ್ಟು ಆರೂ ವೈರ್‌ಗಳನ್ನು ಎರಡೆರಡಾಗಿ ಹಿಡಿಯಿರಿ. ಯಾವ ಎರಡು ಸುಮ್ಮನಿದ್ದಾಗ ಬೀಪ್ ಅನ್ನುತ್ತವೋ ಅವು 30 ಮತ್ತು 87ಎ. ರಿಮೋಟ್ ಒತ್ತಿದ ಕ್ಷಣ ಯಾವುದು ಮೂರನೆಯದಕ್ಕೆ ಕೂಡುತ್ತದೋ ಅದು 30. ಪ್ರತಿ ವೈರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದಿಡಿ.

ಕೆಲವು ಅಲಾರಂಗಳಲ್ಲಿ ಲಾಕ್‌ಗೆ ಎರಡೇ ತೆಳು ವೈರ್ ಇರುತ್ತವೆ. ಒಳಗೆ ರಿಲೇ ಇಲ್ಲ, ಬರೀ ಟ್ರಾನ್ಸಿಸ್ಟರ್. ಅವು ಅರ್ತ್ ಪಲ್ಸ್ ಕೊಡುತ್ತವೆ, ಕೆಲವು ನೂರು ಮಿಲಿಆಂಪಿಯರ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಅರ್ತ್ ಟ್ರಿಗರ್ ಕಾರಿಗೆ (ಅದು ಏನು ಅಂತ ಮುಂದೆ ಹೇಳುತ್ತೇನೆ) ನೇರವಾಗಿ ನಡೆಯುತ್ತವೆ. ಬೇರೆ ಥರದ ಕಾರಿಗಾದರೆ ಹೊರಗೆ ಎರಡು ರಿಲೇ ಹಾಕಬೇಕು. ಆ ರಿಲೇಗಳ ಕಾಯಿಲ್‌ಗೆ ಅಡ್ಡವಾಗಿ ಒಂದೊಂದು ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಚಿಕ್ಕ ಭಾಗ) ಹಾಕಿ, ಬಿಳಿ ಪಟ್ಟಿಯ ತುದಿ ಪಾಸಿಟಿವ್ ಕಡೆಗೆ ಇರಲಿ. ಕಾಯಿಲ್ ಬಿಟ್ಟ ಕ್ಷಣ ಹುಟ್ಟುವ ದೊಡ್ಡ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಕೊಲ್ಲದಂತೆ ಅದು ಕಾಯುತ್ತದೆ.

ನಿಮ್ಮ ಕಾರು ಯಾವ ಥರದ್ದು?

ಅರ್ತ್ ಟ್ರಿಗರ್ ಮೊದಲನೆಯದು. ಇದನ್ನು ನೆಗೆಟಿವ್ ಟ್ರಿಗರ್ ಅಂತಲೂ ಹೇಳುತ್ತಾರೆ. ಸ್ವಿಚ್‌ನಿಂದ ಕಂಟ್ರೋಲ್ ಯೂನಿಟ್‌ಗೆ ಹೋಗುವ ವೈರಿನಲ್ಲಿ ಸುಮ್ಮನಿದ್ದಾಗ 12 ಅಥವಾ 5 ವೋಲ್ಟ್ ಇರುತ್ತದೆ. ಸ್ವಿಚ್ ಒತ್ತಿದಾಗ ಅದು ಅರ್ತ್‌ಗೆ ಕೂಡಿ ಸೊನ್ನೆಯಾಗುತ್ತದೆ. ಜಪಾನಿ ಮೂಲದ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಜೋಡಣೆಯೂ ತುಂಬಾ ಸುಲಭ. ಎರಡೂ ರಿಲೇಗಳ 30 ಅರ್ತ್‌ಗೆ, ಲಾಕ್ ರಿಲೇಯ 87 ಲಾಕ್ ವೈರಿಗೆ, ಅನ್‌ಲಾಕ್ ರಿಲೇಯ 87 ಅನ್‌ಲಾಕ್ ವೈರಿಗೆ. 87ಎ ಎರಡೂ ಬೇಡ. ಅವುಗಳ ತುದಿಯನ್ನು ಟೇಪ್ ಸುತ್ತಿ ಮುಚ್ಚಿಡಿ. ಯಾವ ಕಂಪನಿ ವೈರನ್ನೂ ಕತ್ತರಿಸಬೇಕಾಗಿಲ್ಲ.

ಪಾಸಿಟಿವ್ ಟ್ರಿಗರ್ ಇದರ ಉಲ್ಟಾ. ಸುಮ್ಮನಿದ್ದಾಗ ಸೊನ್ನೆ, ಒತ್ತಿದಾಗ 12 ವೋಲ್ಟ್. ಜೋಡಣೆ ಹಾಗೆಯೇ, ಆದರೆ 30ಕ್ಕೆ ಅರ್ತ್ ಬದಲು ಫ್ಯೂಸ್ ದಾಟಿದ 12 ವೋಲ್ಟ್.

ಮೂರನೆಯದಕ್ಕೆ ಬಂದಾಗ ತುಂಬಾ ಎಚ್ಚರ ಬೇಕು. ರಿವರ್ಸ್ ಪೊಲಾರಿಟಿ ಅಂತ ಕರೆಯುತ್ತಾರೆ. ಇಲ್ಲಿ ಕಂಟ್ರೋಲ್ ಯೂನಿಟ್ಟೇ ಇಲ್ಲ. ಬಾಗಿಲಿನ ಸ್ವಿಚ್ ನೇರವಾಗಿ ಮೋಟರ್‌ಗಳಿಗೆ ಕರೆಂಟ್ ಕೊಡುತ್ತದೆ. ಸುಮ್ಮನಿದ್ದಾಗ ಮೋಟರ್‌ನ ಎರಡೂ ವೈರ್‌ಗಳು ಆ ಸ್ವಿಚ್‌ನ ಮೂಲಕವೇ ಅರ್ತ್‌ಗೆ ಕೂಡಿರುತ್ತವೆ. ಲಾಕ್ ಒತ್ತಿದಾಗ ಒಂದು ವೈರ್ ಅರ್ತ್ ಬಿಟ್ಟು 12 ವೋಲ್ಟ್‌ಗೆ ಹೋಗುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ. ಮೋಟರ್ ತಿರುಗುತ್ತದೆ.

ಈಗ ಯೋಚಿಸಿ. ಇದನ್ನು ಪಾಸಿಟಿವ್ ಟ್ರಿಗರ್ ಅಂದುಕೊಂಡು ಆ ವೈರಿಗೆ ಅಲಾರಂನಿಂದ 12 ವೋಲ್ಟ್ ಕೊಟ್ಟರೆ ಏನಾಗುತ್ತದೆ? ಆ ವೈರ್ ಸ್ವಿಚ್‌ನ ಮೂಲಕ ಅರ್ತ್‌ಗೆ ಕೂಡಿಯೇ ಇದೆ. ಬ್ಯಾಟರಿಯ ಪಾಸಿಟಿವ್ ನೇರ ಅರ್ತ್‌ಗೆ ಹೋಯಿತು. ನೇರ ಶಾರ್ಟ್. ಫ್ಯೂಸ್ ಇದ್ದರೆ ಹೋಗುತ್ತದೆ. ಇಲ್ಲದಿದ್ದರೆ ವೈರ್ ಕರಗುತ್ತದೆ.

ಆದ್ದರಿಂದ ಇಲ್ಲಿ ಎರಡೂ ವೈರ್‌ಗಳನ್ನು ಕತ್ತರಿಸಲೇಬೇಕು. ಕತ್ತರಿಸಿದ ಮೇಲೆ ಪ್ರತಿ ವೈರಿಗೂ ಎರಡು ತುದಿ: ಒಂದು ಸ್ವಿಚ್ ಕಡೆಯದು, ಇನ್ನೊಂದು ಮೋಟರ್ ಕಡೆಯದು. ಮೋಟರ್ ಕಡೆಯ ತುದಿಗೆ 30. ಸ್ವಿಚ್ ಕಡೆಯ ತುದಿಗೆ 87ಎ. 87ಕ್ಕೆ ಫ್ಯೂಸ್ ದಾಟಿದ 12 ವೋಲ್ಟ್. ಅಲಾರಂ ಸುಮ್ಮನಿದ್ದಾಗ 30 ಮತ್ತು 87ಎ ಕೂಡಿರುವುದರಿಂದ ಕಂಪನಿಯ ಸ್ವಿಚ್ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ರಿಮೋಟ್ ಒತ್ತಿದಾಗ ಒಂದು ರಿಲೇ ಮಾತ್ರ ಸ್ವಿಚ್‌ನಿಂದ ಮೋಟರನ್ನು ಬಿಡಿಸಿ 12 ವೋಲ್ಟ್‌ಗೆ ಕೂಡಿಸುತ್ತದೆ. ಇನ್ನೊಂದು ವೈರ್ ತನ್ನ 87ಎ ಮೂಲಕ, ಸ್ವಿಚ್ ಮೂಲಕ ಅರ್ತ್‌ನಲ್ಲೇ ಇರುತ್ತದೆ. 87ಎ ಎಂಬ ಆ ಮೂರನೇ ಕಾಲು ಯಾಕಿದೆ ಅನ್ನುವುದು ಇಲ್ಲಿ ಚೆನ್ನಾಗಿ ಅರಿವಾಗುತ್ತದೆ.

ಸೆಂಟ್ರಲ್ ಲಾಕ್ ಇಲ್ಲದ ಕಾರಿಗೆ ನಾಲ್ಕೂ ಆಕ್ಚುಯೇಟರ್ ಹೊಸದಾಗಿ ಹಾಕುವಾಗಲೂ ಇದೇ ಚಿತ್ರ. ಸ್ವಿಚ್ ಇಲ್ಲವಾದ್ದರಿಂದ 87ಎ ಎರಡೂ ನೇರ ಅರ್ತ್‌ಗೆ ಹೋಗುತ್ತವೆ.

ಹಳೆಯ ಬೆಂಜ್ ಕಾರುಗಳಲ್ಲಿ ಗಾಳಿಯಿಂದ ನಡೆಯುವ ಲಾಕ್ ಇತ್ತು. ಅದಕ್ಕೆ ಮೂರೂವರೆ ಸೆಕೆಂಡ್‌ನ ಉದ್ದ ಪಲ್ಸ್ ಬೇಕು. ನಿಮ್ಮ ಅಲಾರಂನಲ್ಲಿ 0.5 ಮತ್ತು 3.5 ಅಂತ ಆಯ್ಕೆ ಇದ್ದರೆ ಅದು ಇದಕ್ಕಾಗಿ. ಸಾಮಾನ್ಯ ಮೋಟರ್ ಲಾಕ್‌ಗೆ 3.5 ಇಟ್ಟರೆ ಮೋಟರ್‌ಗಳ ಆಯುಸ್ಸು ಬೇಗ ಮುಗಿಯುತ್ತದೆ.

ಅಳೆಯುವುದು ಹೇಗೆ

ಡಿಜಿಟಲ್ ಮಲ್ಟಿಮೀಟರ್ ಬಳಸಿ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬೇಡ. ಬಲ್ಬ್ ತಾನೇ ಕರೆಂಟ್ ಎಳೆಯುತ್ತದೆ. ಎಲೆಕ್ಟ್ರಾನಿಕ್ ಯೂನಿಟ್‌ನ ತೆಳು ವೈರಿಗೆ ಅದು ಸಾವು, ಏರ್‌ಬ್ಯಾಗ್ ವೈರಿಗೆ ತಾಗಿದರೆ ನಿಮಗೇ ಅಪಾಯ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಹಾಗಾಗಿ ಈಗಿನ ಕಾರುಗಳ ಸ್ಟೀರಿಂಗ್ ಕೆಳಗೆ ಅದರ ವೈರ್ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದರ ಕಪ್ಲರ್ (ವೈರ್‌ಗಳನ್ನು ಸಿಕ್ಕಿಸಿ ಕೂಡಿಸುವ ಪ್ಲಾಸ್ಟಿಕ್ ತುಂಡು) ಅಥವಾ ಹೊದಿಕೆ ಹಳದಿ. ಆ ಹಳದಿಯನ್ನು ಅಳೆಯಬೇಡಿ, ಬಿಚ್ಚಬೇಡಿ, ಅದಕ್ಕೆ ಏನನ್ನೂ ಕಟ್ಟಬೇಡಿ.

ವೈರ್ ಹುಡುಕಲು ಒಳ್ಳೆಯ ಜಾಗ ಅಂದರೆ ಡ್ರೈವರ್ ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆ. ಬಾಗಿಲಿನ ಎಲ್ಲ ವೈರ್‌ಗಳೂ ಅದರ ಮೂಲಕವೇ ಒಳಗೆ ಬಂದು, ಡ್ರೈವರ್ ಕಾಲಿನ ಪಕ್ಕದ ಪ್ಲಾಸ್ಟಿಕ್ ಪ್ಯಾನೆಲ್‌ನ ಹಿಂದೆ ಒಂದು ಕಪ್ಲರ್‌ಗೆ ಸೇರುತ್ತವೆ. ಮೀಟರ್‌ನ ಕಪ್ಪು ತುದಿಯನ್ನು ಬಣ್ಣ ಇಲ್ಲದ ಬಾಡಿ ಬೋಲ್ಟ್‌ಗೆ ಕಟ್ಟಿ. ಕೆಂಪು ತುದಿಯನ್ನು ಕಪ್ಲರ್‌ನ ಹಿಂಬದಿಯಿಂದ ತೆಳು ಪಿನ್‌ನಿಂದ ಮುಟ್ಟಿಸಿ. ವೈರ್‌ನ ಮೇಲ್ಪದರ ಚುಚ್ಚಬೇಡಿ. ಚುಚ್ಚಿದ ಜಾಗದಲ್ಲಿ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಒಬ್ಬರು ಲಾಕ್, ಅನ್‌ಲಾಕ್ ಮಾಡುತ್ತಿರಲಿ, ಇನ್ನೊಬ್ಬರು ಮೀಟರ್ ನೋಡಿ.

ಸುಮ್ಮನಿದ್ದಾಗ ವೋಲ್ಟೇಜ್ ಇದ್ದು ಒತ್ತಿದಾಗ ಸೊನ್ನೆಯಾದರೆ ಅರ್ತ್ ಟ್ರಿಗರ್. ಅದರಲ್ಲಿ ಗೊಂದಲ ಇಲ್ಲ. ಸುಮ್ಮನಿದ್ದಾಗ ಸೊನ್ನೆ, ಒತ್ತಿದಾಗ 12 ಆದರೆ ಮೂರು ಸಾಧ್ಯತೆ ಇವೆ. ಅದು ಪಾಸಿಟಿವ್ ಟ್ರಿಗರ್ ಆಗಿರಬಹುದು, ರಿವರ್ಸ್ ಪೊಲಾರಿಟಿ ಆಗಿರಬಹುದು, ಇಲ್ಲವೇ ಕಂಟ್ರೋಲ್ ಯೂನಿಟ್‌ನಿಂದ ಮೋಟರ್‌ಗೆ ಹೋಗುವ ವೈರ್ ಆಗಿರಬಹುದು. ಬರೀ ವೋಲ್ಟ್ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಎಷ್ಟೋ ತಪ್ಪು ಜೋಡಣೆಗಳ ಮೂಲ ಇದೇ.

ಬಿಡಿಸಿಕೊಳ್ಳಲು ಎರಡು ಪರೀಕ್ಷೆ ಸಾಕು. ಒಂದು: ಸ್ವಿಚ್ಚನ್ನು ಒತ್ತಿ ಹಿಡಿದೇ ಇರಿ. 12 ವೋಲ್ಟ್ ಬಂದು ಅರ್ಧ ಸೆಕೆಂಡಿನಲ್ಲಿ ತಾನೇ ಹೋದರೆ ಅದು ಮೋಟರ್‌ನ ವೈರ್. ಪಲ್ಸ್‌ನ ಉದ್ದವನ್ನು ಕಂಟ್ರೋಲ್ ಯೂನಿಟ್ ನಿರ್ಧರಿಸುತ್ತಿದೆ. ಅದನ್ನು ಬಿಟ್ಟು ಟ್ರಿಗರ್ ವೈರ್ ಹುಡುಕಿ. ಒತ್ತಿ ಹಿಡಿದಷ್ಟು ಹೊತ್ತೂ 12 ಇದ್ದರೆ ಅದು ಪಾಸಿಟಿವ್ ಟ್ರಿಗರ್ ಅಥವಾ ರಿವರ್ಸ್ ಪೊಲಾರಿಟಿ. ಎರಡು: ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ಆ ವೈರ್ ಮತ್ತು ಬಾಡಿಯ ನಡುವೆ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಓಮ್ ಬಂದರೆ ರಿವರ್ಸ್ ಪೊಲಾರಿಟಿ. ಹತ್ತಾರು ಓಮ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ನೀವು ನೋಡುತ್ತಿರುವುದು ಕಂಟ್ರೋಲ್ ಯೂನಿಟ್‌ನ ಒಳಗಿನ ರಿಲೇ ಕಾಯಿಲ್ ಅಥವಾ ಸರ್ಕ್ಯೂಟ್. ಅಂದರೆ ಪಾಸಿಟಿವ್ ಟ್ರಿಗರ್.

ಹೊಸ ಕಾರುಗಳಲ್ಲಿ ಇಷ್ಟು ಸರಳ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್, ಎಲ್ಲರೂ ಬಿಸಿಎಂ ಅನ್ನುವುದು, ಲಾಕ್, ಇಂಡಿಕೇಟರ್, ಒಳದೀಪ, ವೈಪರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಅದು ಉಳಿದ ಯೂನಿಟ್‌ಗಳ ಜೊತೆ ಮಾತಾಡುವುದು ಕ್ಯಾನ್ ಬಸ್ ಮೂಲಕ. ಬಾಷ್ ಕಂಪನಿ ಇದನ್ನು 1986ರಲ್ಲಿ ಹೊರತಂದಿತು. ಒಂದಕ್ಕೊಂದು ಹೆಣೆದ ಎರಡು ತೆಳು ವೈರ್‌ಗಳಲ್ಲಿ ಸಂದೇಶಗಳು ಓಡುತ್ತವೆ. ಮೀಟರ್ ಇಟ್ಟರೆ ಎರಡರಲ್ಲೂ ಎರಡೂವರೆ ವೋಲ್ಟ್‌ನ ಆಸುಪಾಸು ತೋರಿಸುತ್ತದೆ. ಹಾಗೆ ಕಂಡರೆ ಅಲ್ಲಿಂದ ಕೈ ತೆಗೆಯಿರಿ. ಆ ವೈರಿಗೆ ಅರ್ತ್ ಪಲ್ಸ್ ಕೊಟ್ಟರೆ ಲಾಕ್ ಆಗುವುದಿಲ್ಲ, ಡ್ಯಾಶ್‌ಬೋರ್ಡ್ ತುಂಬ ವಾರ್ನಿಂಗ್ ಲೈಟ್ ಬರುತ್ತವೆ. ಹಾಗಂತ ದಾರಿ ಇಲ್ಲ ಅಂತಲ್ಲ. ಎಷ್ಟೋ ಕಾರುಗಳಲ್ಲಿ ಲಾಕ್ ಬಟನ್‌ನಿಂದ ಬಿಸಿಎಂಗೆ ಬರುವ ವೈರ್ ಇನ್ನೂ ಸಾದಾ ಅರ್ತ್ ಟ್ರಿಗರ್ರೇ. ಅದು ಸಿಕ್ಕರೆ ಮೊದಲ ಚಿತ್ರವೇ ಸಾಕು. ಸಿಗದಿದ್ದರೆ ಆ ಮಾಡೆಲ್‌ಗೆಂದೇ ಮಾಡಿದ ಕ್ಯಾನ್ ಅಲಾರಂ ಅಥವಾ ವೈರ್ ಕತ್ತರಿಸದೆ ಕಂಪನಿಯ ಕಪ್ಲರ್‌ಗೇ ಸಿಕ್ಕಿಸುವ ಕಪ್ಲರ್ ಕಿಟ್ ಕೊಳ್ಳಿ. ವಾರಂಟಿ ಇರುವ ಕಾರಿಗಂತೂ ಕಪ್ಲರ್ ಕಿಟ್ ಬಿಟ್ಟು ಬೇರೆ ಯೋಚನೆಯೇ ಬೇಡ. ಕಂಪನಿಯ ವೈರಿಂಗ್ ಕತ್ತರಿಸಿದ್ದು ಕಂಡರೆ ಮುಂದೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ವಾರಂಟಿ ಸಿಗದೇ ಹೋಗಬಹುದು.

ಇನ್ನೊಂದು ಕಾರಣಕ್ಕೂ ಟ್ರಿಗರ್ ವೈರೇ ಒಳ್ಳೆಯದು ಅನ್ನುತ್ತೇನೆ. ಏರ್‌ಬ್ಯಾಗ್ ಇರುವ ಎಷ್ಟೋ ಕಾರುಗಳಲ್ಲಿ ಅಪಘಾತವಾದಾಗ ಬಾಗಿಲುಗಳು ತಾವೇ ಅನ್‌ಲಾಕ್ ಆಗುತ್ತವೆ. ಹೊರಗಿನವರು ಬಾಗಿಲು ತೆಗೆದು ಎಳೆದುಕೊಳ್ಳಲಿ ಅಂತ. ಆ ಆಜ್ಞೆ ಬಿಸಿಎಂನಿಂದ ಮೋಟರ್‌ಗೆ ಹೋಗುವ ವೈರಿನಲ್ಲೇ ಬರಬೇಕು. ಯಾರೋ ಆ ವೈರನ್ನು ಕತ್ತರಿಸಿ ಅಲಾರಂನ ರಿಲೇ ನಡುವೆ ಸೇರಿಸಿದ್ದರೆ, ಆ ರಿಲೇ ಅಥವಾ ಅದರ ಜಾಯಿಂಟ್ ಕೈಕೊಟ್ಟ ದಿನ ಬಾಗಿಲು ತೆರೆಯುವುದಿಲ್ಲ. ಪಕ್ಕದಲ್ಲಿ ಟ್ರಿಗರ್ ವೈರ್ ಇದ್ದೂ ಮೋಟರ್ ವೈರ್ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ.

ಉಳಿದ ವೈರ್‌ಗಳು

ಪವರ್ ವೈರಿಗೆ ಫ್ಯೂಸ್ ಇರಬೇಕು, ಅದೂ ಕರೆಂಟ್ ತೆಗೆದುಕೊಳ್ಳುವ ಜಾಗದ ಹತ್ತಿರವೇ. ಅಲಾರಂ ಯೂನಿಟ್‌ನ ಪಕ್ಕದಲ್ಲಿ ಫ್ಯೂಸ್ ಇದ್ದು, ಬ್ಯಾಟರಿಯಿಂದ ಅಲ್ಲಿಯ ತನಕ ವೈರ್ ಬರಿದೇ ಬಂದರೆ, ನಡುವೆ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಫ್ಯೂಸ್‌ನಿಂದ ಏನೂ ಉಪಯೋಗ ಇಲ್ಲ. ಅರ್ತ್‌ಗೆ ಬಣ್ಣ ಕೆರೆದ ಬಾಡಿ ಬೋಲ್ಟ್ ಆರಿಸಿ.

ಇಂಡಿಕೇಟರ್‌ಗೆ ಅಲಾರಂನಲ್ಲಿ ಎರಡು ವೈರ್ ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಕೂಡಿಸಿ ಒಂದು ಮಾಡಬೇಡಿ. ಮಾಡಿದರೆ ಎಡ ಇಂಡಿಕೇಟರ್ ಹಾಕಿದಾಗ ಬಲದ್ದೂ ಹೊತ್ತಿಕೊಳ್ಳುತ್ತದೆ. ಪ್ರತಿ ಬದಿಗೆ 21 ವಾಟ್‌ನ ಎರಡು ಬಲ್ಬ್, ಪಕ್ಕದ 5 ವಾಟ್‌ನ ಒಂದು ಅಂತ ಹಿಡಿದರೆ 47 ವಾಟ್, ಅಂದರೆ ಸುಮಾರು 4 ಆಂಪಿಯರ್. ಎರಡೂ ಬದಿ ಸೇರಿ 8. ಫೋನ್ ಚಾರ್ಜರ್‌ನಂಥ ತೆಳು ವೈರ್ ಇದಕ್ಕೆ ಸಾಲದು.

ಬಾಗಿಲು ತೆರೆದದ್ದು ಅಲಾರಂಗೆ ಗೊತ್ತಾಗುವುದು ಡೋರ್ ಸ್ವಿಚ್‌ನಿಂದ, ಅಂದರೆ ಒಳದೀಪ ಹೊತ್ತಿಸುವ ಅದೇ ಸ್ವಿಚ್‌ನಿಂದ. ಬಾಗಿಲು ತೆರೆದಾಗ ಆ ವೈರ್ ಸೊನ್ನೆಯಾದರೆ ಅಲಾರಂನ ನೆಗೆಟಿವ್ ಡೋರ್ ವೈರ್ ಬಳಸಿ, 12 ಆದರೆ ಪಾಸಿಟಿವ್. ಎರಡನ್ನೂ ಜೋಡಿಸಬೇಡಿ. ಒಳದೀಪ ನಿಧಾನವಾಗಿ ಆರುವ ಕಾರುಗಳಲ್ಲಿ ಒಂದು ಕಿರಿಕಿರಿ ಇದೆ. ಬಾಗಿಲು ಮುಚ್ಚಿ ರಿಮೋಟ್ ಒತ್ತುತ್ತೀರಿ, ದೀಪ ಇನ್ನೂ ಪೂರ್ತಿ ಆರಿಲ್ಲ, ಬಾಗಿಲು ತೆರೆದಿದೆ ಅಂತ ಅಲಾರಂ ಕೂಗುತ್ತದೆ. ದೀಪದ ಹತ್ತಿರ ಬಿಟ್ಟು ಡೋರ್ ಸ್ವಿಚ್‌ನ ಹತ್ತಿರವೇ ವೈರ್ ತೆಗೆದುಕೊಂಡರೆ ಇದು ಸರಿಹೋಗುತ್ತದೆ. ನಾಲ್ಕು ಬಾಗಿಲಿಗೆ ನಾಲ್ಕು ಬೇರೆ ವೈರ್ ಬಿಸಿಎಂಗೆ ಹೋಗುವ ಕಾರಾದರೆ ಒಂದೊಂದಕ್ಕೂ ಒಂದು ಡಯೋಡ್ ಬೇಕು. ಅರ್ತ್ ಆಗುವ ಸ್ವಿಚ್ ಆದರೆ ಪಟ್ಟಿಯ ತುದಿ ಬಾಗಿಲಿನ ಕಡೆಗೆ. ಡಯೋಡ್ ಇಲ್ಲದೆ ಕೂಡಿಸಿದರೆ ಒಂದು ಬಾಗಿಲು ತೆರೆದಾಗ ನಾಲ್ಕೂ ತೆರೆದಿವೆ ಅಂತ ಬಿಸಿಎಂ ತಿಳಿಯುತ್ತದೆ.

ಸೈರನ್ ಬಾನೆಟ್ ಒಳಗೆ, ಬಾಯಿ ಕೆಳಗೆ ಮಾಡಿ, ಎಂಜಿನ್ ಬಿಸಿಯಿಂದ ದೂರ. ಅಷ್ಟೇ.

ಎಂಜಿನ್ ಕಟ್ ರಿಲೇ ಬಗ್ಗೆ ಮಾತ್ರ ಜಾಗ್ರತೆ ಇರಲಿ. ಕೆಲವರು ಅದನ್ನು ಇಗ್ನಿಶನ್ ಅಥವಾ ಪೆಟ್ರೋಲ್ ಪಂಪ್ ವೈರಿನಲ್ಲಿ ಸೇರಿಸುತ್ತಾರೆ. ಆ ರಿಲೇ ಸಡಿಲವಾದರೆ ಓಡುತ್ತಿರುವ ಕಾರು ಹೈವೇಯಲ್ಲೇ ನಿಂತುಬಿಡುತ್ತದೆ, ಬ್ರೇಕು ಮತ್ತು ಸ್ಟೀರಿಂಗ್ ಎರಡೂ ಗಟ್ಟಿಯಾಗುತ್ತವೆ. ಹಾಕಲೇಬೇಕಾದರೆ ಕೀಯಿಂದ ಸ್ಟಾರ್ಟರ್‌ಗೆ ಹೋಗುವ ತೆಳು ವೈರಿನಲ್ಲಿ, 30 ಮತ್ತು 87ಎ ಮೂಲಕ ಹಾಕಿ. ಆಗ ರಿಲೇ ಕೆಟ್ಟರೂ ಓಡುವ ಎಂಜಿನ್ ನಿಲ್ಲುವುದಿಲ್ಲ.

ಜಾಯಿಂಟ್‌ಗಳಿಗೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ, ಇಲ್ಲವೇ ಸರಿಯಾದ ಪ್ಲೈಯರ್‌ನಿಂದ ಕ್ರಿಂಪ್ ಮಾಡಿ. ಬರೀ ತಿರುಚಿ ಪಿವಿಸಿ ಟೇಪ್ ಸುತ್ತಿದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಅದರ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಮುಂದಿನದು ಶಾರ್ಟ್.

ರಿಮೋಟ್ ಕೊಳ್ಳುವಾಗ ರೋಲಿಂಗ್ ಕೋಡ್ ಇದೆಯಾ ಅಂತ ಕೇಳಿ. ಅಗ್ಗದ ಕಿಟ್‌ಗಳಲ್ಲಿ ಪ್ರತಿ ಸಲವೂ ಒಂದೇ ಕೋಡ್ ಹೋಗುತ್ತದೆ. ಪಕ್ಕದಲ್ಲಿ ನಿಂತವನು ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಬಹುದು. ರೋಲಿಂಗ್ ಕೋಡ್‌ನಲ್ಲಿ ಪ್ರತಿ ಒತ್ತಿಗೂ ಹೊಸ ಕೋಡ್. ಈ ಥರದ ಹೆಸರಾಂತ ವಿಧಾನವಾದ ಕೀಲಾಕ್ ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಅದನ್ನೂ 2008ರ ಹೊತ್ತಿಗೆ ಸಂಶೋಧಕರು ಮುರಿದು ತೋರಿಸಿದ್ದಾರೆ. ಆದರೂ ಒಂದೇ ಕೋಡ್‌ನ ರಿಮೋಟ್‌ಗಿಂತ ಎಷ್ಟೋ ಮೇಲು.

ಮುಗಿಸಿದ ಮೇಲೆ

ಪರೀಕ್ಷೆ ಮಾಡುವಾಗ ಒಂದು ಕಿಟಕಿ ಪೂರ್ತಿ ಇಳಿಸಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ರಿಮೋಟ್‌ನಿಂದ, ಕೀಯಿಂದ, ಒಳಗಿನ ಬಟನ್‌ನಿಂದ ಮೂರೂ ರೀತಿಯಲ್ಲಿ ಲಾಕ್, ಅನ್‌ಲಾಕ್ ಮಾಡಿ ನೋಡಿ. ಅಲಾರಂನ ಫ್ಯೂಸ್ ತೆಗೆದು ಮತ್ತೆ ಅದನ್ನೇ ಮಾಡಿ. ಅಲಾರಂ ಸತ್ತಿದ್ದರೂ ಕಂಪನಿಯ ಲಾಕ್ ಮೊದಲಿನಂತೆ ನಡೆಯಬೇಕು. ನಡೆಯದಿದ್ದರೆ ಜೋಡಣೆ ತಪ್ಪಿದೆ. ಒಬ್ಬರು ಒಳಗೆ ಕೂತು, ಹೊರಗಿನಿಂದ ಲಾಕ್ ಮಾಡಿಸಿ, ಒಳಗಿನ ಹಿಡಿಯಿಂದ ಬಾಗಿಲು ತೆರೆಯುತ್ತದೆಯೇ ನೋಡಿ. ಮಕ್ಕಳನ್ನು ಕೂರಿಸುವ ಕಾರಿನಲ್ಲಿ ಇದನ್ನು ಬಿಡಲೇಬೇಡಿ.

ಕೊನೆಗೆ ಬ್ಯಾಟರಿ. ಅಲಾರಂ ಹಗಲೂ ರಾತ್ರಿ ಎಚ್ಚರವಾಗಿರುತ್ತದೆ, ಅದಕ್ಕೆ ಸ್ವಲ್ಪ ಕರೆಂಟ್ ಬೇಕೇ ಬೇಕು. 20 ಮಿಲಿಆಂಪಿಯರ್ ಎಳೆಯುವ ಅಲಾರಂ 30 ದಿನಕ್ಕೆ 14.4 ಆಂಪಿಯರ್-ಅವರ್ ತಿನ್ನುತ್ತದೆ. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದು ಹತ್ತಿರಹತ್ತಿರ ನೂರಕ್ಕೆ ನಲವತ್ತು ಪಾಲು. ಕಾರನ್ನು ಊರಲ್ಲಿ ಬಿಟ್ಟು ತಿಂಗಳುಗಟ್ಟಲೆ ಹೊರಗೆ ಇರುವವರು ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಹೋಗಬೇಕು. ಎಷ್ಟು ಎಳೆಯುತ್ತಿದೆ ಅಂತ ತಿಳಿಯಲು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಇಡಿ. ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ. ಈ ನಡುವೆ ಇಗ್ನಿಶನ್ ಆನ್ ಮಾಡಬೇಡಿ, ಮೀಟರ್‌ನ ಫ್ಯೂಸ್ ಹೋಗುತ್ತದೆ. ಕೊನೆಯ ಅಂಕಿ 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಅಲಾರಂನ ಫ್ಯೂಸ್ ತೆಗೆದು ನೋಡಿ. ಅಂಕಿ ಇಳಿದರೆ ತಪ್ಪು ಅಲಾರಂನದು ಅಥವಾ ಅದರ ಜೋಡಣೆಯದು. ಇಳಿಯದಿದ್ದರೆ ಉಳಿದ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ.